ಎರಡು ಟಪಾಲಿನ ಸೀಮೆ: ಮುದಗಲ್ ಭಾಗದ ಅಂಚೆ ಮತ್ತು ಅಂಚೆ ಚೀಟಿಗಳ ಕಥೆ

ನಿಜಾಮರ ಟಪಾಲು ಇಲಾಖೆ ಭಾರತೀಯ ಅಂಚೆಯಲ್ಲಿ ವಿಲೀನವಾಗಿ 2025ರ ಏಪ್ರಿಲ್ 1ಕ್ಕೆ 75 ವರ್ಷ ತುಂಬಿತು. ಹೈದರಾಬಾದ್ ವಿಮೋಚನೆಯ ದಿನವನ್ನು ಪ್ರತಿ ಸೆಪ್ಟೆಂಬರ್ 17ರಂದು ಧ್ವಜ ಏರಿಸಿ ನೆನೆಯುತ್ತೇವೆ. ಅದಾಗಿ ಒಂದೂವರೆ ವರ್ಷಕ್ಕೆ ನಡೆದ ಈ ಇನ್ನೊಂದು ವಿಲೀನ ಸದ್ದುಗದ್ದಲವಿಲ್ಲದೆ ಮುಗಿದುಹೋಯಿತು. ಆದರೆ ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯ ಜನ ದೇಶದ ಉಳಿದ ಭಾಗದೊಂದಿಗೆ ದಿನನಿತ್ಯದ ನಂಟು ಬೆಸೆದುಕೊಂಡದ್ದು ಅಂದಿನಿಂದಲೇ. ಆ ನಂಟಿನ ಸಾಕ್ಷಿ ಇಂದಿಗೂ ಕೈಗೆ ಸಿಗುವುದು ಅಂಚೆ ಚೀಟಿಯ ರೂಪದಲ್ಲಿ. ಅಮೃತ ಮಹೋತ್ಸವದ ಹೊತ್ತಿನಲ್ಲಿ ಈ ಸಂಸ್ಥೆಯ ಕಥೆಯನ್ನು ಅದರ ಚೀಟಿಗಳ ಮೂಲಕವೇ ಹೇಳುವುದು ಉಚಿತವೆಂದು ನನ್ನ ಭಾವನೆ.

1853–1869: ಛಾವಣಿಗೆ ಬಂದ ಅಂಚೆ

ಕೃಷ್ಣಾ–ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ಬಹಮನಿಯವರೂ ವಿಜಯನಗರದವರೂ, ಬಳಿಕ ಆದಿಲಶಾಹಿಗಳೂ ಪದೇ ಪದೇ ಕಾದಾಡಿದರು. ಮುದಗಲ್ ಕೋಟೆ ಎಷ್ಟು ಸಲ ಕೈ ಬದಲಾಯಿಸಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅಂಚೆಯ ದೃಷ್ಟಿಯಿಂದ ನಮಗೆ ಮುಖ್ಯವಾದದ್ದು ಕೊನೆಯ ಕೈಬದಲಿ. 1853ರ ಒಪ್ಪಂದದಂತೆ ಬೀರಾರ್ ಮತ್ತು ನಳದುರ್ಗದ ಜೊತೆಗೆ ರಾಯಚೂರು ದೋಆಬ್ ಕೂಡ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಹೋಯಿತು. 1860ರಲ್ಲಿ ನಿಜಾಮರಿಗೆ ಮರಳಿತು. ನಡುವಿನ ಏಳು ವರ್ಷ ಇಲ್ಲಿ ಕಂಪನಿ ಮತ್ತು ಇಂಗ್ಲೆಂಡಿನ ರಾಣಿಯ ಸರ್ಕಾರದ ಅಧಿಕಾರಿಗಳೇ ರಾಜ್ಯಭಾರ ನಡೆಸಿದರು. ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ ಲಿಂಗಸುಗೂರಿನಲ್ಲಿತ್ತು.

ಇದೇ ಏಳು ವರ್ಷಗಳ ಒಳಗೆ, 1854ರ ಅಕ್ಟೋಬರ್ 1ರಂದು, ಭಾರತದಾದ್ಯಂತ ಚಲಾವಣೆಯಾಗುವ ಮೊದಲ ಅಂಚೆ ಚೀಟಿಗಳು ಬಂದವು. ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ. ದೂರ ಎಷ್ಟೇ ಇರಲಿ, ದರ ಒಂದೇ. ಅಲ್ಲಿಯವರೆಗೆ ಹರದಾರಿ ಹೆಚ್ಚಿದಂತೆ ಟಪಾಲಿನ ಖರ್ಚೂ ಏರುತ್ತಿತ್ತು. ರೊಕ್ಕ ಕೊಡಬೇಕಾದವನು ಬಹುಪಾಲು ಕಾಗದ ಪಡೆಯುವವನೇ. ಬೇಡವೆಂದರೆ ಕಾಗದ ತಿರುಗಿ ಹೋಗುತ್ತಿತ್ತು. ಈ ಅರ್ಧ ಆಣೆಯ ಚೀಟಿ ಬಡವನ ಕಾಗದಕ್ಕೂ ಸಾಹುಕಾರನ ಕಾಗದಕ್ಕೂ ಒಂದೇ ಬೆಲೆ ಕಟ್ಟಿತು. ಅಂಚೆ ಇಲಾಖೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆಯನ್ನು ನಾನು ಕಾಣೆ.

1869–1930: ಹಾಲಿ ಸಿಕ್ಕಾದ ಚೀಟಿ

ಮೈಸೂರು ಸಂಸ್ಥಾನದ ಅಂಚೆಗೆ ಚಿಕ್ಕದೇವರಾಜ ಒಡೆಯರ ಕಾಲದಿಂದ ಹೆಸರಿತ್ತು. ಆದರೂ ಅದು ತನ್ನದೇ ಚೀಟಿಗಳನ್ನು ಚಲಾವಣೆಗೆ ತರದೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ಹೈದರಾಬಾದ್ ಬೇರೆ ದಾರಿ ಹಿಡಿಯಿತು. ಮೊದಲನೆಯ ಸಾಲಾರ್ ಜಂಗ್ ದಿವಾನರಾಗಿದ್ದ ಕಾಲದಲ್ಲಿ ಆಡಳಿತದ ಎಲ್ಲ ಶಾಖೆಗಳೂ ಹೊಸ ರೂಪ ತಾಳಿದವು. ಟಪಾಲು ಸರ್ಕಾರದ ಇಲಾಖೆಯಾಯಿತು, 1869ರಲ್ಲಿ ಸಂಸ್ಥಾನದ ಮೊದಲ ಅಂಚೆ ಚೀಟಿ ಹೊರಬಿತ್ತು. ಆಲಿವ್ ಹಸಿರು ಬಣ್ಣ, ಬೆಲೆ ಒಂದು ಆಣೆ. ಒಂದೇ ರಾಜ್ಯದಲ್ಲಿ ಹಲವು ಭಾಷೆಯ ಪ್ರಜೆಗಳಿದ್ದುದರಿಂದ ಆ ಪುಟ್ಟ ಕಾಗದದ ಮೇಲೆಯೇ ಹಲವು ಲಿಪಿಗಳು ಜಾಗ ಹಂಚಿಕೊಂಡವು.

ಇಲ್ಲಿಂದ ಎಂಟು ದಶಕ ಈ ಸೀಮೆ ಎರಡು ಟಪಾಲು ಕಂಡಿತು. ಸಂಸ್ಥಾನದ ಒಳಗಿನ ಕಾಗದಕ್ಕೆ ನಿಜಾಮರ ಚೀಟಿ. ಆ ಚೀಟಿಗೆ ಗಡಿಯಾಚೆ ಬೆಲೆಯಿಲ್ಲ. ಬಳ್ಳಾರಿಗೋ ಧಾರವಾಡಕ್ಕೋ ಬೆಳಗಾವಿಗೋ ಕಾಗದ ಹೋಗಬೇಕಾದರೆ ಬ್ರಿಟಿಷ್ ಭಾರತದ ಚೀಟಿ ಬೇಕು. ಅದನ್ನು ಕೊಳ್ಳಲು ಕಲ್ದಾರ ಎಂಬ ಬ್ರಿಟಿಷ್ ರೂಪಾಯಿಯ ಲೆಕ್ಕ. ನಿಜಾಮರ ಚೀಟಿಗೆ ಅವರದೇ ನಾಣ್ಯವಾದ ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿ ಆರು ಕಲ್ದಾರಕ್ಕೆ ಸಮ ಎಂಬ ಸ್ಥೂಲ ಲೆಕ್ಕ ಪೇಟೆಯವರಿಗೆ ಬಾಯಿಪಾಠವಾಗಿತ್ತು. ಮಗಳನ್ನು ಹೊಸಪೇಟೆಯ ಕಡೆಗೆ ಕೊಟ್ಟ ಮನೆಗೂ, ಮಸ್ಕಿಯಲ್ಲಿ ಕೊಟ್ಟ ಮನೆಗೂ ಕ್ಷೇಮಸಮಾಚಾರ ತಿಳಿಯುವ ದಾರಿ ಬೇರೆ ಬೇರೆ. ಕನ್ನಡ ನಾಡು ಹಂಚಿಹೋಗಿತ್ತು ಎಂಬುದನ್ನು ನಾವು ಭಾಷಣಗಳಲ್ಲಿ ಕೇಳುತ್ತೇವೆ. ಅಂದಿನ ಮನೆಮಂದಿಗೆ ಅದು ತಿಳಿದದ್ದು ಲಕೋಟೆಗೆ ಯಾವ ಚೀಟಿ ಹಚ್ಚಬೇಕು ಎಂಬ ಪ್ರಶ್ನೆಯಲ್ಲಿ.

ಎರಡು ಇಲಾಖೆಗಳು ಒಂದೇ ನೆಲದಲ್ಲಿ ಕೆಲಸ ಮಾಡಿದಾಗ ವ್ಯಾಪ್ತಿಯ ಬಗ್ಗೆ ಭಿನ್ನಾಭಿಪ್ರಾಯ ಬರುವುದು ಸಹಜ. ಕಾಗದ ವಿನಿಮಯಕ್ಕೆ ಏರ್ಪಾಡುಗಳಾಗಿ, ಒಂದು ಟಪಾಲಿನ ಚೀಲ ಇನ್ನೊಂದಕ್ಕೆ ದಾಟುವ ದಾರಿ ತೆರೆಯಿತು. ಎರಡೂ ಚೀಟಿಗಳು ಅಕ್ಕಪಕ್ಕ ಕುಳಿತ ಹೈದರಾಬಾದ್ ಲಕೋಟೆಗಳನ್ನು ಸಂಗ್ರಹಕಾರರು ಇಂದು ಕಣ್ಣಿಗೊತ್ತಿಕೊಂಡು ಇಟ್ಟುಕೊಳ್ಳುತ್ತಾರೆ.

ಈ ಅವಧಿಯ ಇನ್ನೆರಡು ಘಟ್ಟಗಳನ್ನು ಹೇಳಿ ಮುಂದೆ ಹೋಗುತ್ತೇನೆ. 1871ರಲ್ಲಿ ಮುಂಬಯಿಯ ಕಡೆಯ ರೈಲು ಹಳಿಯೂ ಮದರಾಸಿನ ಕಡೆಯದೂ ರಾಯಚೂರಿನಲ್ಲಿ ಕೂಡಿದವು. ದೋಆಬಿನ ಟಪಾಲಿಗೆ ರಾಯಚೂರು ಹೆಬ್ಬಾಗಿಲಾಯಿತು. 1905ರಲ್ಲಿ ಲಿಂಗಸುಗೂರು ಜಿಲ್ಲೆಯನ್ನು ರದ್ದುಪಡಿಸಿ ಅದರ ಲಿಂಗಸುಗೂರು, ಸಿಂಧನೂರು, ಕುಷ್ಟಗಿ, ಗಂಗಾವತಿ ತಾಲ್ಲೂಕುಗಳನ್ನು ರಾಯಚೂರಿಗೆ ಸೇರಿಸಿದರು. ಲಿಂಗಸುಗೂರು ಜಿಲ್ಲಾ ಕೇಂದ್ರದ ಪಟ್ಟ ಕಳೆದುಕೊಂಡಿತು.

1931–1947: ಚೀಟಿಯ ಮೇಲೆ ಕಟ್ಟಡಗಳು

1931ರ ಮಾಲಿಕೆ ನಿಜಾಮರ ಅಂಚೆಯ ಕಿರೀಟಪ್ರಾಯ. ಅಲ್ಲಿಯವರೆಗೆ ಅಕ್ಷರ, ಬಳ್ಳಿ, ಮುದ್ರೆಗಳಷ್ಟೇ ಇದ್ದ ಜಾಗಕ್ಕೆ ಈಗ ಕಟ್ಟಡಗಳು ಬಂದವು. ಒಂದು ಆಣೆಗೆ ಚಾರ್‌ಮಿನಾರ್, ಎರಡಕ್ಕೆ ಹೈಕೋರ್ಟ್, ನಾಲ್ಕಕ್ಕೆ ಉಸ್ಮಾನ್ ಸಾಗರ, ಎಂಟಕ್ಕೆ ಅಜಂತಾ ಗುಹೆಯ ದ್ವಾರ, ಒಂದು ರೂಪಾಯಿಗೆ ದೌಲತಾಬಾದಿನ ವಿಜಯಸ್ತಂಭ. ಹನ್ನೆರಡು ಆಣೆಯ ಕೆಂಪು ಚೀಟಿಯ ಮೇಲೆ ಬೀದರಿನ ಮಹಮೂದ್ ಗವಾನನ ಮದರಸಾ.

ಈ ಕೆಂಪು ಚೀಟಿಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಗವಾನ್ ಪರ್ಷಿಯಾದ ಗೀಲಾನಿನಿಂದ ಬಂದವನು. ಬಹಮನಿ ರಾಜ್ಯದ ಪ್ರಧಾನಿಯಾಗಿ 1472ರ ಹೊತ್ತಿಗೆ ಬೀದರಿನಲ್ಲಿ ಈ ವಿದ್ಯಾಲಯ ಕಟ್ಟಿಸಿದ. ಚಾಡಿಕೋರರ ಮಾತು ನಂಬಿದ ಸುಲ್ತಾನ 1481ರಲ್ಲಿ ಅವನ ತಲೆ ತೆಗೆಸಿದ. ಹದಿನೇಳನೆಯ ಶತಮಾನದ ಕೊನೆಗೆ ಕಟ್ಟಡದ ಒಂದು ಪಾಲು ಸಿಡಿದು ಬಿತ್ತು. ಉಳಿದ ಒಂದೇ ಮಿನಾರು ಮತ್ತು ಅದರ ನೀಲಿ ಹೆಂಚಿನ ಕೆಲಸ ಇಂದಿಗೂ ನೋಡುಗರನ್ನು ಹಿಡಿದು ನಿಲ್ಲಿಸುತ್ತದೆ. ಮುದಗಲ್ಲಿನ ಸಾಮಾನ್ಯ ಮನೆಯ ಕಾಗದಕ್ಕೆ ಹನ್ನೆರಡು ಆಣೆಯ ಚೀಟಿ ಬೇಕಾಗುತ್ತಿರಲಿಲ್ಲ. ಆ ಮನೆಗಳಿಗೆ ಬರುತ್ತಿದ್ದದ್ದು ಪೈ ಲೆಕ್ಕದ ಚೀಟಿಗಳು, ಹೆಚ್ಚೆಂದರೆ ಕಂದು ಬಣ್ಣದ ಚಾರ್‌ಮಿನಾರ್. ಆದರೂ ಕನ್ನಡ ನೆಲದ ಒಂದು ಕಟ್ಟಡ, ಅದರಲ್ಲೂ ವಿದ್ಯೆಯ ಮನೆ, ಆ ಸಾಲಿನಲ್ಲಿ ನಿಂತದ್ದು ನಮಗೆ ಹೆಮ್ಮೆಯ ಮಾತು.

1937ರ ಫೆಬ್ರವರಿಯಲ್ಲಿ ಏಳನೆಯ ನಿಜಾಮರ ಬೆಳ್ಳಿಹಬ್ಬಕ್ಕೆ ಮತ್ತೆ ನಾಲ್ಕು ಚೀಟಿಗಳು: ಯುನಾನಿ ಆಸ್ಪತ್ರೆ, ಉಸ್ಮಾನಿಯಾ ಆಸ್ಪತ್ರೆ, ಉಸ್ಮಾನಿಯಾ ವಿಶ್ವವಿದ್ಯಾಲಯ, ಜ್ಯೂಬಿಲಿ ಹಾಲ್. ರಾಜನ ಮುಖವನ್ನು ಬದಿಗಿಟ್ಟು ಆಸ್ಪತ್ರೆ, ಶಾಲೆಗಳನ್ನು ಮುಂದಿಟ್ಟ ಈ ತೀರ್ಮಾನವನ್ನು ಮೆಚ್ಚಲೇಬೇಕು.

1947–1950: ಮಸ್ಕಿಗೆ ಹತ್ತಿರದ ಸಿಂಹ

ಸ್ವತಂತ್ರ ಭಾರತದ ಮೊದಲ ಅಂಚೆ ಚೀಟಿ 1947ರ ನವೆಂಬರ್ 21ರಂದು ತ್ರಿವರ್ಣ ಧ್ವಜದೊಂದಿಗೆ ಬಂತು. ಡಿಸೆಂಬರ್ 15ರಂದು ಒಂದೂವರೆ ಆಣೆಯ ಚೀಟಿಯ ಮೇಲೆ ಅಶೋಕನ ಸಿಂಹಸ್ತಂಭ ಕಾಣಿಸಿಕೊಂಡಿತು. ನಮ್ಮ ಸೀಮೆಯವರಿಗೆ ಈ ಚಿತ್ರದ ಮೇಲೆ ಒಂದು ವಿಶೇಷ ಹಕ್ಕಿದೆ. ‘ದೇವಾನಾಂಪಿಯ’ ಎಂದಷ್ಟೇ ಶಾಸನಗಳಲ್ಲಿ ಕರೆಸಿಕೊಳ್ಳುತ್ತಿದ್ದ ಅರಸ ಅಶೋಕನೇ ಎಂಬುದನ್ನು ಗಟ್ಟಿಗೊಳಿಸಿದ್ದು ಮಸ್ಕಿಯ ಬಂಡೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. ಚೀಟಿಯ ಸಿಂಹ ಸಾರನಾಥದ್ದು ನಿಜ. ಆ ಸಿಂಹದ ಒಡೆಯನ ಹೆಸರನ್ನು ಲೋಕಕ್ಕೆ ಹೇಳಿದ್ದು ಮಸ್ಕಿ.

ಆದರೆ 1947ರ ಡಿಸೆಂಬರಿನಲ್ಲಿ ಮಸ್ಕಿಯೂ ಮುದಗಲ್ಲೂ ಭಾರತ ಒಕ್ಕೂಟದ ಹೊರಗಿದ್ದವು. ನಿಜಾಮರ ಟಪಾಲು ಕಚೇರಿಯಲ್ಲಿ ಸಿಂಹದ ಚೀಟಿ ಸಿಗುವಂತಿರಲಿಲ್ಲ. 1948ರ ಆಗಸ್ಟ್ 15ರಂದು ಗಾಂಧೀಜಿಯ ನಾಲ್ಕು ಚೀಟಿಗಳು ಬಂದಾಗಲೂ ಅದೇ ಸ್ಥಿತಿ. ಸ್ವಿಟ್ಜರ್ಲೆಂಡಿನಲ್ಲಿ ಮುದ್ರಣವಾದ ಆ ಚೀಟಿಗಳ ಮೇಲೆ ‘ಬಾಪೂ’ ಎಂಬ ಹೆಸರು ನಾಗರಿಯಲ್ಲೂ ಉರ್ದುವಿನಲ್ಲೂ ಇದೆ. ರಜಾಕಾರರ ಹಾವಳಿಗೆ ಹೆದರಿ ಜನ ಊರು ಬಿಡುತ್ತಿದ್ದ ತಿಂಗಳುಗಳವು. ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಗೆ ಒಂದು ತಿಂಗಳೂ ಉಳಿದಿರಲಿಲ್ಲ. ನಮ್ಮ ಹಿರಿಯರಲ್ಲಿ ಹಿಂದೂ ಮುಸ್ಲಿಮರೆನ್ನದೆ ಅನೇಕರು ಶಾಲೆಯಲ್ಲಿ ಕಲಿತದ್ದು ಉರ್ದು ಮಾಧ್ಯಮದಲ್ಲಿ. ಕಹಿ ತುಂಬಿದ ಆ ವರ್ಷ ಗಾಂಧೀಜಿಯ ಹೆಸರನ್ನು ಅವರು ಓದಬಲ್ಲ ಲಿಪಿಯಲ್ಲೂ ಬರೆದ ಚೀಟಿ ಅದು. ಜನರನ್ನು ಕೂಡಿಸುವ ಅಂಚೆ ಚೀಟಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಆ ಕಾರ್ಯಾಚರಣೆಯಿಂದ ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೂ ನಿಜಾಮರ ಚೀಟಿಗಳು ಕೆಲಕಾಲ ನಡೆದವು. 1950ರ ಏಪ್ರಿಲ್ 1ರಂದು ಅವುಗಳ ಜಾಗಕ್ಕೆ ಭಾರತದ ಚೀಟಿಗಳು ಬಂದವು. ಉರ್ದುವಿನಲ್ಲಿ ದಫ್ತರ ಬರೆದು ಪಳಗಿದ ನೌಕರರು ಹೊಸ ನಮೂನೆ, ಹೊಸ ನಿಯಮಗಳಿಗೆ ಒಗ್ಗಿಕೊಳ್ಳಬೇಕಾಯಿತು. ಬದಲಾವಣೆಯ ಕಾಲದ ಇರುಸುಮುರುಸುಗಳು ಎಲ್ಲ ಇಲಾಖೆಗಳಲ್ಲೂ ಇದ್ದವು. ಅವುಗಳ ನಡುವೆಯೂ ಟಪಾಲು ನಿಲ್ಲದೆ ಮನೆ ಮುಟ್ಟಿತು, ಅದರ ಶ್ರೇಯ ಅವರದೇ.

1950–1972: ಗೋಲಗುಮ್ಮಟ, ಇನ್‌ಲ್ಯಾಂಡು, ನಕಾಶೆ

ಹೊಸ ವ್ಯವಸ್ಥೆಯಲ್ಲಿ ಇಲ್ಲಿಗೆ ಬಂದದ್ದು 1949ರ ಆಗಸ್ಟ್ 15ರಂದು ಹೊರಟಿದ್ದ ಪುರಾತತ್ತ್ವ ಮಾಲಿಕೆ. ಅದರ ಆರು ಆಣೆಯ ಚೀಟಿಯ ಮೇಲೆ ಬಿಜಾಪುರದ ಗೋಲಗುಮ್ಮಟ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಗೋರಿ ಅದು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮುದಗಲ್ ಕೋಟೆಯನ್ನು ಆಳಿದ ಅದೇ ಮನೆತನದ ನೆನಪು ಈಗ ದೆಹಲಿಯ ಸರ್ಕಾರದ ಚೀಟಿಯಾಗಿ ಮುದಗಲ್ಲಿಗೆ ಮರಳಿತು. ಅದೇ ಮಾಲಿಕೆಯಲ್ಲಿ ಸಾಂಚಿ ಸ್ತೂಪ, ಅಮೃತಸರದ ಸ್ವರ್ಣಮಂದಿರ, ಶತ್ರುಂಜಯದ ಜೈನ ಮಂದಿರ, ತಾಜಮಹಲುಗಳೂ ಇದ್ದವು. 1952ರ ಅಕ್ಟೋಬರ್ 1ರ ಸಂತ–ಕವಿಗಳ ಮಾಲಿಕೆಯಲ್ಲಿ ಕಬೀರ, ತುಳಸೀದಾಸ, ಮೀರಾ, ಸೂರದಾಸರ ಪಕ್ಕದಲ್ಲಿ ಗಾಲಿಬ್ ಮತ್ತು ಠಾಕೂರರು ಕುಳಿತರು. ದೇಶ ಒಡೆದ ಗಾಯ ಮಾಯುವ ಮುನ್ನವೇ ಈ ಪಂಕ್ತಿಯನ್ನು ಆರಿಸಿದವರು ದೂರ ನೋಡಬಲ್ಲವರು.

ಜನಸಾಮಾನ್ಯರಿಗೆ ಇವೆಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು 1950ರ ಅಕ್ಟೋಬರ್ 2ರಂದು ಆರಂಭವಾದ ಇನ್‌ಲ್ಯಾಂಡ್ ಪತ್ರ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ದುಡಿಯುವ ಕೈಗಳು ಗುಳೆ ಹೊರಡುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರಿನ ನೆಲವನ್ನು ಹಸಿರಾಗಿಸಿದರೂ ಮುದಗಲ್ಲಿನ ಸುತ್ತಲಿನ ಒಣಭೂಮಿಯ ಹಳ್ಳಿಗಳ ಕಷ್ಟ ಬೇಗ ತೀರಲಿಲ್ಲ. ಗೋವೆ, ಪುಣೆ, ಮುಂಬಯಿ, ಬೆಂಗಳೂರು ಸೇರಿದವರ ಸುದ್ದಿ ಊರಿಗೆ ಬರುತ್ತಿದ್ದದ್ದು ಆ ನೀಲಿ ಕಾಗದದಲ್ಲಿ, ರೊಕ್ಕ ಬರುತ್ತಿದ್ದದ್ದು ಮನಿಆರ್ಡರಿನಲ್ಲಿ. ಓದು ಬಾರದ ತಾಯಿಗೆ ಮಗನ ಕಾಗದ ಓದಿ ಹೇಳಿ, ಅವಳ ಮಾತನ್ನು ಬರೆದುಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು ರೊಕ್ಕ ಎಣಿಸಿ ಕೊಡುತ್ತಿದ್ದ ಅಂಚೆಯಣ್ಣ ಎಷ್ಟೋ ಮನೆಗಳ ಒಳಗುಟ್ಟು ಬಲ್ಲವನಾಗಿಯೂ ಬಾಯಿ ಬಿಡಲಿಲ್ಲ. ಈ ಸಂಸ್ಥೆ ಕಟ್ಟಿದ ನಂಬಿಕೆ ಅಂಥದು.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ನಯಾಪೈಸೆಯ ಜೊತೆಗೆ ಭಾರತದ ನಕಾಶೆಯ ಚೀಟಿಗಳು ಬಂದವು. ಬೇರೆ ಬೇರೆ ಬೆಲೆಗೆ ಬೇರೆ ಬೇರೆ ಬಣ್ಣ, ಚಿತ್ರ ಮಾತ್ರ ಒಂದೇ. ಹಾಲಿ ಸಿಕ್ಕಾ, ಕಲ್ದಾರಗಳ ಲೆಕ್ಕ ಹಾಕಿ ಬೆಳೆದ ತಲೆಮಾರಿಗೆ ಇಡೀ ದೇಶಕ್ಕೆ ಒಂದೇ ನಾಣ್ಯ, ಒಂದೇ ಚೀಟಿ ಎಂಬುದು ಹೊಸ ಅನುಭವ.

ಮುಂದಿನ ದಶಕದಲ್ಲಿ ಕನ್ನಡದ ಮಹನೀಯರು ಚೀಟಿಗಳ ಮೇಲೆ ಬರತೊಡಗಿದರು. 1960ರ ಸೆಪ್ಟೆಂಬರ್ 15ರಂದು, ನೂರು ವರ್ಷ ತುಂಬಿದ ವಿಶ್ವೇಶ್ವರಯ್ಯನವರ ಚೀಟಿ ಅವರು ಬದುಕಿದ್ದಾಗಲೇ ಬಂತು. 1964ರ ಜನವರಿ 14ರಂದು ಪುರಂದರದಾಸರು, 1967ರ ಮೇ 11ರಂದು ಬಸವಣ್ಣನವರು. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ, ಪ್ರಾಣೇಶದಾಸರ ಕಸಬಾ ಲಿಂಗಸುಗೂರುಗಳಿರುವ ದಾಸಸಾಹಿತ್ಯದ ತವರಿಗೆ ಪುರಂದರರ ಚೀಟಿ ಮನೆಯ ಹಿರಿಯರ ಭಾವಚಿತ್ರವೇ ಸರಿ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದಾಗ ನಮ್ಮ ಊರುಗಳ ಸಂಖ್ಯೆ 584ರಿಂದ ಶುರುವಾಯಿತು. ಮೊದಲ ಅಂಕಿ 5 ಕರ್ನಾಟಕಕ್ಕೂ ಆಂಧ್ರಕ್ಕೂ ಒಂದೇ. ಒಂದು ಕಾಲದ ನಿಜಾಮರ ಸೀಮೆಯೂ ಮೈಸೂರರಸರ ಸೀಮೆಯೂ ಅಲ್ಲಿ ಒಟ್ಟಾದವು.

ಸಂಗ್ರಹವೆಂಬ ಹವ್ಯಾಸ

ಅಂಚೆ ಚೀಟಿ ಸಂಗ್ರಹ ಪೇಟೆಯ ಶ್ರೀಮಂತರ ಹವ್ಯಾಸವೆಂಬ ತಪ್ಪುಕಲ್ಪನೆ ನಮ್ಮಲ್ಲಿದೆ. ಬಳಸಿದ ಚೀಟಿಗೆ ಖರ್ಚೇನೂ ಇಲ್ಲ. ಹಿಂದೆ ಶಾಲೆಯ ಹುಡುಗರು ಮಾಡುತ್ತಿದ್ದಂತೆ ಲಕೋಟೆಯ ಮೂಲೆಯನ್ನು ಚೀಟಿಯ ಸುತ್ತ ಅಂಗುಲ ಬಿಟ್ಟು ಕತ್ತರಿಸಿ, ತಣ್ಣೀರಿನ ತಟ್ಟೆಯಲ್ಲಿ ತೇಲಬಿಟ್ಟರೆ ಕಾಲು ಗಂಟೆಯಲ್ಲಿ ಗೋಂದು ಕರಗಿ ಚೀಟಿ ತಾನಾಗಿಯೇ ಕಳಚುತ್ತದೆ. ಎಳೆಯಬಾರದು, ಉಗುರು ತಾಗಿಸಬಾರದು. ಮುಖ ಕೆಳಗಾಗಿ ಹಳೆಯ ಪತ್ರಿಕೆಯ ಮೇಲೆ ಒಣಗಿಸಿ, ಮಾರನೆಯ ದಿನ ದಪ್ಪ ಪುಸ್ತಕದ ನಡುವೆ ಇಡಬೇಕು. ಅಂಚಿನ ಹಲ್ಲುಗಳಲ್ಲಿ ಒಂದು ಮುರಿದರೂ ಬೆಲೆ ಇಳಿಯುತ್ತದೆ.

ದೇಶವಾರು ಕೂಡಿಡುವ ಹಳೆಯ ಪದ್ಧತಿಗಿಂತ ಒಂದು ವಿಷಯ ಹಿಡಿದು ಸಂಗ್ರಹಿಸುವುದು ನಮ್ಮಂಥ ಊರುಗಳಿಗೆ ಹೆಚ್ಚು ಒಗ್ಗುತ್ತದೆ. ‘ಮುದಗಲ್ಲಿನ ನೆರೆಹೊರೆ’ ಎಂದು ಒಂದು ಪುಟ ಮಾಡಿ ನೋಡಿ. ಅಶೋಕನ ಸಿಂಹ ಮಸ್ಕಿಗಾಗಿ. ಗವಾನನ ಮದರಸಾ ಬಹಮನಿಯವರಿಗಾಗಿ, ಗೋಲಗುಮ್ಮಟ ಆದಿಲಶಾಹಿಗಳಿಗಾಗಿ. ಬಸವಣ್ಣ, ಪುರಂದರದಾಸರು. ಬಿಜಾಪುರದ ಸುಲ್ತಾನರ ಆಳ್ವಿಕೆಯಲ್ಲಿ 1557ರಲ್ಲಿ ಜೆಸ್ವಿಟ್ ಪಾದ್ರಿಗಳು ಕಟ್ಟಿದರೆಂದು ಗೆಜೆಟಿಯರ್ ಹೇಳುವ ನಮ್ಮೂರ ಚರ್ಚಿನ ನೆನಪಿಗೆ 1964ರ ಸಂತ ಥಾಮಸರ ಚೀಟಿ. ಇಷ್ಟು ಜೋಡಿಸಿದ ಹುಡುಗನಿಗೆ ಊರಿನ ಇತಿಹಾಸವನ್ನು ಯಾರೂ ಬೇರೆ ಹೇಳಿಕೊಡಬೇಕಾಗಿಲ್ಲ. ಒಂದೊಂದು ಚೀಟಿಗಾಗಿ ಒಂದೊಂದು ಓಣಿಯ, ಒಂದೊಂದು ಮತದ ಮನೆಯ ಕದ ತಟ್ಟಿರುತ್ತಾನೆ. ಸಂಗ್ರಹಕಾರರ ಬಳಗದಲ್ಲಿ ಚೀಟಿ ಕೊಟ್ಟು ತೆಗೆದುಕೊಳ್ಳುವಾಗ ಜಾತಿ ಕೇಳಿದವರಿಲ್ಲ.

2011ರಿಂದ ಈಚೆಗೆ

2011ರ ಫೆಬ್ರವರಿಯಲ್ಲಿ ದೆಹಲಿಯ ಇಂಡಿಪೆಕ್ಸ್ ಪ್ರದರ್ಶನದಲ್ಲಿ ಖಾದಿ ಬಟ್ಟೆಯ ಮೇಲೆ ಮುದ್ರಿಸಿದ ಗಾಂಧಿ ಚೀಟಿ ಬಿಡುಗಡೆಯಾಯಿತು. ನಮ್ಮದೇ ಭಾವಚಿತ್ರ ಸೇರಿಸಿಕೊಳ್ಳಬಹುದಾದ ‘ಮೈ ಸ್ಟಾಂಪ್’ ಯೋಜನೆಯೂ ಆಗಲೇ ಆರಂಭವಾಯಿತು. 2017ರ ನವೆಂಬರಿನಲ್ಲಿ ಜಾರಿಗೆ ಬಂದ ದೀನದಯಾಳ್ ಸ್ಪರ್ಶ್ ಯೋಜನೆ ಆರರಿಂದ ಒಂಬತ್ತನೆಯ ತರಗತಿಯ 920 ಮಕ್ಕಳಿಗೆ ದೇಶದಾದ್ಯಂತ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ಓದಿನ ಜೊತೆಗೆ ಚೀಟಿ ಸಂಗ್ರಹದ ಹವ್ಯಾಸವಿರಬೇಕು, ಶಾಲೆಯಲ್ಲಿ ಫಿಲಾಟೆಲಿ ಕ್ಲಬ್ ಇರಬೇಕು. ಕ್ಲಬ್ ಇಲ್ಲದಿದ್ದರೆ ಮಗುವಿನ ಹೆಸರಿನಲ್ಲಿ ಫಿಲಾಟೆಲಿ ಠೇವಣಿ ಖಾತೆಯಾದರೂ ಇರಬೇಕು. 200 ರೂಪಾಯಿಗೆ ಅದನ್ನು ತೆರೆಯಬಹುದು. ಮುದಗಲ್, ಮಸ್ಕಿ, ಲಿಂಗಸುಗೂರಿನ ಮುಖ್ಯೋಪಾಧ್ಯಾಯರು ಇದನ್ನು ಗಮನಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಇನ್ನೊಂದು ಕೆಲಸ ಊರಿನವರೆಲ್ಲರದು. ಮುದಗಲ್ಲಿನ ಹುಸೇನಿ ಆಲಂ ದರ್ಗಾದ ಮೊಹರಂ ನಮ್ಮ ಊರಿನ ಹೆಸರನ್ನು ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಗೆ ಮುಟ್ಟಿಸಿದೆ. ಅಲಾಯಿ ದೇವರಿಗೆ ಹರಕೆ ಹೊರುವವರಲ್ಲಿ, ಫಕೀರರಾಗುವವರಲ್ಲಿ, ಮೊಹರಂ ಪದ ಹಾಡುವವರಲ್ಲಿ ಹಿಂದೂಗಳು ಎಷ್ಟೋ ಜನ. ಕೂಡಿ ಬಾಳುವುದನ್ನು ಚಿತ್ರಿಸಲು ಅಂಚೆ ಚೀಟಿಗೆ ಇದಕ್ಕಿಂತ ಯೋಗ್ಯ ವಿಷಯ ಸಿಗುವುದು ಕಷ್ಟ. ಸ್ಮರಣಾರ್ಥ ಚೀಟಿಗೆ ಪ್ರಸ್ತಾವವನ್ನು ಬಹಳ ಮುಂಚಿತವಾಗಿ ಅಂಚೆ ಇಲಾಖೆಗೆ ಸಲ್ಲಿಸಬೇಕು, ಕಟ್ಟಳೆಗಳು ಬಿಗಿ. ವಿಶೇಷ ಲಕೋಟೆ ಮತ್ತು ವಿಶೇಷ ಮುದ್ರೆಗೆ ರಾಜ್ಯ ಮಟ್ಟದಲ್ಲೇ, ಬೆಂಗಳೂರಿನ ಮುಖ್ಯ ಪೋಸ್ಟ್‌ಮಾಸ್ಟರ್ ಜನರಲ್ ಅವರ ಕಚೇರಿಗೆ ಅರ್ಜಿ ಹಾಕಬಹುದು. ದರ್ಗಾದ ಹಿರಿಯರು, ಚರ್ಚಿನವರು, ಮಠದವರು, ಪುರಸಭೆಯವರು ಒಂದೇ ಅರ್ಜಿಗೆ ಸಹಿ ಹಾಕಿದರೆ ಅದರ ತೂಕ ಹೆಚ್ಚು.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ಹಳೆಯ ಮನೆ ಕೆಡವುವಾಗ, ಅಟ್ಟದ ಟ್ರಂಕು ತೆರೆಯುವಾಗ ಅಜ್ಜನ ಕಾಲದ ಕಾಗದಗಳು ಸಿಕ್ಕರೆ ಒಲೆಗೆ ಹಾಕಬೇಡಿ. ಅವುಗಳ ಚೀಟಿಯನ್ನು ಕತ್ತರಿಸಿ ತೆಗೆಯಲೂಬೇಡಿ. ಚಾರ್‌ಮಿನಾರ್ ಚೀಟಿ ಬೇರೆಡೆ ಬೇಕಾದಷ್ಟು ಸಿಗುತ್ತದೆ. ಅದರ ಮೇಲೆ ಮುದಗಲ್ಲಿನ ಅಥವಾ ಲಿಂಗಸುಗೂರಿನ ಶಿಕ್ಕಾ ಬಿದ್ದ ಇಡೀ ಲಕೋಟೆ ಅಪರೂಪ. ಲಕೋಟೆಯನ್ನು ಹಾಗೆಯೇ, ಮಡಿಕೆ ಬಿಡಿಸಿ, ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು, ಯಾರಿಂದ ಯಾರಿಗೆ ಬಂದದ್ದೆಂದು ಒಂದು ಚೀಟಿಯಲ್ಲಿ ಬರೆದಿಡಿ. ನಿಮ್ಮೂರ ಶಾಲೆಯ ಮಕ್ಕಳಿಗೆ ಒಮ್ಮೆ ತೋರಿಸಿ.